ಚಪ್ಪಲಿ ಹಾಕಿಕೊಂಡು ಒಳಗೆ ಬನ್ನಿ

ಹಳೆಯ ಕಂಪ್ಯೂಟರಿಗೆ ಹೊರಗಿನ ಸ್ಪೀಕರು ಜೋಡಿಸುವುದು ನನಗೆ ಕತ್ತಲಲ್ಲೂ ಬರುವ ಕೆಲಸ. ಪೆಟ್ಟಿಗೆಯ ಹಿಂದೆ ಕೈ ಹಾಕಿದರೆ ಸೌಂಡ್ ಕಾರ್ಡಿನ ತಗಡಿನ ಪಟ್ಟಿ ಬೆರಳಿಗೆ ಸಿಗುತ್ತದೆ. ಅದರಲ್ಲಿ ಒಂದೇ ಅಳತೆಯ ಸಣ್ಣ ತೂತುಗಳ ಸಾಲು. ಒಂದು ಮೈಕಿಗೆ, ಒಂದು ಹೊರಗಿನ ಸದ್ದನ್ನು ಒಳಗೆ ಕೊಡಲಿಕ್ಕೆ, ಒಂದು ಒಳಗಿನ ಸದ್ದನ್ನು ಹೊರಗೆ ತರಲಿಕ್ಕೆ. ನಾನು ಕಲಿತ ಕಾಲದ ಕಾರ್ಡಿನಲ್ಲಿ ಹಸಿರು, ಗುಲಾಬಿ ಬಣ್ಣದ ಗುರುತು ಇರಲಿಲ್ಲ. ತಗಡಿನ ಮೇಲೆ ಒತ್ತಿದ ಚಿಹ್ನೆ ಮಾತ್ರ. ತಪ್ಪು ತೂತಿಗೆ ಹಾಕಿದರೆ ಏನೂ ಸುಟ್ಟುಹೋಗುವುದಿಲ್ಲ, ಸದ್ದು ಬರುವುದಿಲ್ಲ ಅಷ್ಟೆ. ತೆಗೆದು ಪಕ್ಕದ ತೂತಿಗೆ ಹಾಕಿದರಾಯಿತು. ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ.

ಆದರೂ ಪಿನ್ನು ಕೈಗೆ ಬಂದ ಕೂಡಲೇ ನಾನು ಮೊದಲು ನೋಡುವುದು ನನ್ನ ಕಾಲನ್ನು. ಚಪ್ಪಲಿ ಇದೆಯೇ, ನೆಲ ಒಣಗಿದೆಯೇ? ಆಮೇಲೆ ಕೋಣೆಯಲ್ಲಿರುವವರೆಲ್ಲರ ಕಾಲನ್ನು ನೋಡುತ್ತೇನೆ. ಕೊನೆಗೆ ಸ್ವಿಚ್ಚು ಎಲ್ಲಿದೆ ಎಂದು ಕಣ್ಣಿನಲ್ಲೇ ಗುರುತು ಮಾಡಿಕೊಳ್ಳುತ್ತೇನೆ. ಇಷ್ಟು ಆಗದೆ ಕೈ ಮುಂದೆ ಹೋಗುವುದಿಲ್ಲ. ಕಂಡವರು ನಗುತ್ತಾರೆ. ನಗಲಿ. ಅವರು ಆ ಚಪ್ಪಾಳೆ ಕೇಳಿದವರಲ್ಲ.

ಕುಂಜತ್ತೂರಿನಲ್ಲಿ ಹೆದ್ದಾರಿಯ ಬದಿಗೆ ಒಂದು ಹಂಚಿನ ಕಟ್ಟಡದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅದನ್ನು ನಡೆಸುತ್ತಿದ್ದವರು ಕೊಂಕಣಿ ಮನೆಮಾತಿನ ಒಬ್ಬ ಕ್ರಿಶ್ಚಿಯನ್ ಮಹಿಳೆ. ಊರಿಗೆಲ್ಲ ಅವರು ಟೀಚರ್. ಸುತ್ತಮುತ್ತಲಿನ ಕಚೇರಿಗಳಲ್ಲಿ ಕುಳಿತ ಗುಮಾಸ್ತರಲ್ಲಿ ಅರ್ಧಕ್ಕರ್ಧ ಮಂದಿಯ ಬೆರಳು ತಿದ್ದಿದವರು. ನಾನೂ ಹೈಸ್ಕೂಲು ಮುಗಿಸಿದ ರಜೆಯಲ್ಲಿ ಅಲ್ಲೇ ಟೈಪಿಂಗ್ ಕಲಿತವನು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಸರಕಾರಿ ಕೆಲಸಕ್ಕೆ ಕೇರಳದ ಪಿ.ಎಸ್.ಸಿ. ಪರೀಕ್ಷೆ ಬರೆದು ಕಾಯುತ್ತಿದ್ದ ದಿನಗಳಲ್ಲಿ ಟೀಚರ್ ನನ್ನನ್ನು ಕರೆಸಿದರು.

"ನೀನು ಮಂಗಳೂರಲ್ಲಿ ಕಂಪ್ಯೂಟರ್ ಕೋರ್ಸು ಮಾಡಿದ್ದಿ ಅಂತೆ, ಹೌದಾ?"

"ಹೌದು ಟೀಚರ್. ಆರು ತಿಂಗಳಿನದ್ದು."

"ಸಾಕು. ನನಗೆ ಅದೂ ಇಲ್ಲ. ನಾಳೆಯಿಂದ ಬಾ."

ಶತಮಾನ ಮುಗಿಯಲು ಒಂದೆರಡು ವರ್ಷ ಉಳಿದಿದ್ದ ಕಾಲ ಅದು. ಮಕ್ಕಳೆಲ್ಲ ಬಸ್ಸು ಹತ್ತಿ ತಲಪಾಡಿಯ ಗಡಿ ಗೇಟು ದಾಟಿ ಮಂಗಳೂರಿಗೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದರು. ಟೀಚರ ಬೆಂಚಿನಲ್ಲಿ ಬೆಳಿಗ್ಗೆ ನಾಲ್ಕು ಮಂದಿ ಕುಳಿತರೆ ಹೆಚ್ಚು. ಕಟ್ಟಡದ ಯಜಮಾನರು ಒಳ್ಳೆಯವರೇ, ಆದರೆ ಅವರ ಕೋಣೆಯ ಮೇಲೆ ಒಬ್ಬ ಬೇಕರಿಯವನ ಕಣ್ಣು ಬಿದ್ದಿತ್ತು. "ಮಳೆಗಾಲ ಶುರುವಾಗುವುದರೊಳಗೆ ಮಕ್ಕಳು ತುಂಬಿದ್ರೆ ಕೋಣೆ ನಿಮ್ಮದೇ ಟೀಚರೇ. ಇಲ್ಲದಿದ್ರೆ ನನ್ನನ್ನು ಬೈಬೇಡಿ" ಎಂದು ಹೇಳಿ ಹೋಗಿದ್ದರು. ಟೀಚರ್ ಒಂದನ್ನು ಉಳಿಸಿಕೊಂಡು ಬಾಕಿ ಎಲ್ಲ ಟೈಪ್‌ರೈಟರುಗಳನ್ನೂ ಮಾರಿ, ಮಂಗಳೂರಿನ ಒಂದು ಆಫೀಸಿನಿಂದ ಹಳೆಯ ಕಂಪ್ಯೂಟರ್ ತಂದರು. ಆ ಒಂದೇ ಯಂತ್ರದ ಮೇಲೆ ಅವರ ಇನ್‌ಸ್ಟಿಟ್ಯೂಟು ನಿಂತಿತ್ತು. ಅದಕ್ಕೊಂದು ಸೌಂಡ್ ಕಾರ್ಡೂ ಸಿ.ಡಿ. ಡ್ರೈವೂ ಹಾಕಿಸಿದ್ದರು. ಮಾತಾಡುವ ಕಂಪ್ಯೂಟರ್ ನಮ್ಮ ಆಸುಪಾಸಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಅದೇ ಅವರ ಬಲ.

ಕಂಪ್ಯೂಟರ್ ಮಾರಿದವನು ಒಂದು ಮಾತು ಒತ್ತಿ ಹೇಳಿ ಕಳಿಸಿದ್ದ: ಧೂಳು ಆಗಬಾರದು. ಟೀಚರ್ ಅದನ್ನು ವ್ರತದ ಹಾಗೆ ಹಿಡಿದುಕೊಂಡರು. ಬಾಗಿಲಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡು ಬಂತು. ಕೆಂಪು ಸಿಮೆಂಟಿನ ನೆಲ ದಿನಕ್ಕೆರಡು ಸಲ ಒರೆಸಿ ಒರೆಸಿ ಕನ್ನಡಿಯಾಯಿತು. ಆಗ ಎಲ್ಲ ಕಂಪ್ಯೂಟರ್ ಕೋಣೆಗಳಲ್ಲೂ ಇದೇ ಕ್ರಮ. ಬರಿಗಾಲಲ್ಲದೆ ಒಳಗೆ ಬಂದವನನ್ನು ಜನ ಒಂಥರಾ ನೋಡುತ್ತಿದ್ದರು.

ಆ ಯಂತ್ರಕ್ಕೆ ಇನ್ನೊಂದು ಗುಣವಿತ್ತು. ಅದರ ತಗಡಿನ ಪೆಟ್ಟಿಗೆಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಇರುವೆ ಹರಿದ ಹಾಗೆ.

"ಟೀಚರೇ, ಇದು ಕಚ್ತದೆ" ಎಂದು ಒಬ್ಬಳು ಹುಡುಗಿ ಮೊದಲ ದಿನವೇ ದೂರು ಕೊಟ್ಟಿದ್ದಳು.

"ಕಚ್ಚುದಲ್ಲ ಮಾರಾಯ್ತಿ. ಕಂಪ್ಯೂಟರ್ ಅಂದ್ರೆ ಹಾಗೇ. ಅದಕ್ಕೂ ಸ್ವಲ್ಪ ಜೀವ ಬೇಡ್ವಾ?"

ಅದು ಅರ್ತ್, ಎಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಯರು, ಸರಿಯಿಲ್ಲದ್ದರ ಗುರುತು. ಕಟ್ಟಡದ ಹಿಂದೆ ಕೆಂಪು ಮುರಕಲ್ಲಿನ ಗಟ್ಟಿ ನೆಲದಲ್ಲಿ ಅರ್ತಿನ ಗುಂಡಿ ಇತ್ತು. ಹಳಬರು ಉಪ್ಪು, ಇದ್ದಿಲು ಹಾಕಿ ಕೊಳವೆ ಹುಗಿದದ್ದು. ನಮ್ಮ ಕಡೆ ಬೇಸಿಗೆಯಲ್ಲಿ ಮುರಕಲ್ಲು ಕಾದು ಒಣಗಿದಾಗ ಅದರಲ್ಲಿ ಕರೆಂಟು ಇಳಿಯುವುದಿಲ್ಲ. ಆದ್ದರಿಂದ ತಿಳಿದವರ ಮನೆಗಳಲ್ಲಿ ಆಗಾಗ ಆ ಗುಂಡಿಗೆ ಒಂದೆರಡು ಕೊಡ ನೀರು ಹೊಯ್ಯುತ್ತಾರೆ. ಬಾಡಿಗೆ ಕಟ್ಟಡದ ಗುಂಡಿಗೆ ನೀರು ಹೊಯ್ಯುವವರು ಯಾರು? ಜುಮ್ ಎನ್ನುವುದಕ್ಕೆ ಟೀಚರೇ ಸುಲಭದ ಉಪಾಯ ಮಾಡಿದರು: ತೆಂಗಿನ ನಾರಿನ ಚಾಪೆಗಳನ್ನು ತಂದು ಕುರ್ಚಿಗಳ ಕೆಳಗೆ ಹಾಸಿಸಿದರು. ಕಾಲು ಚಾಪೆಯ ಮೇಲಿದ್ದರೆ ಇರುವೆ ಹರಿಯುತ್ತಿರಲಿಲ್ಲ. ಅಲ್ಲಿಗೆ ಎಲ್ಲರೂ ಅದನ್ನು ಮರೆತೆವು.

ಸ್ಪೀಕರಿನ ವಿಷಯಕ್ಕೆ ಬರುತ್ತೇನೆ. ಟೀಚರ ತಮ್ಮ ಗಲ್ಫಿನಿಂದ ತಂದ ಟೇಪ್‌ರೆಕಾರ್ಡರ್ ಒಂದು ಕೆಟ್ಟು ಮನೆಯಲ್ಲಿ ಬಿದ್ದಿತ್ತು. ಅದರ ಎರಡು ಸ್ಪೀಕರುಗಳು ಗಟ್ಟಿ ಇದ್ದವು. "ಇದನ್ನೇ ಹಾಕು, ಹೊಸತು ಯಾಕೆ?" ಎಂದರು. ನಾನು ಅದರ ವಯರಿನ ತುದಿ ಸುಲಿದು ಸಣ್ಣ ಪಿನ್ನು ಬೆಸೆದು ಜೋಡಿಸಿದೆ. ಸದ್ದು ಬಂತು, ಡಬ್ಬಿಯೊಳಗಿನ ಸೊಳ್ಳೆಯ ಹಾಗೆ. ಟೇಪ್‌ರೆಕಾರ್ಡರಿನ ಬಲದಲ್ಲಿ ಹಾಡುತ್ತಿದ್ದ ಸ್ಪೀಕರಿಗೆ ಕಾರ್ಡಿನ ಬಲ ಸಾಲದು. ಅಷ್ಟೇ ಅಲ್ಲ, ಅವನ್ನು ಮಾನಿಟರಿನ ಎರಡು ಪಕ್ಕ ಇಟ್ಟ ಕೂಡಲೇ ಪರದೆಯ ಮೂಲೆಗಳು ಹಸಿರಾಗಿ, ನೇರಳೆಯಾಗಿ ಬಣ್ಣ ಕಲಸಿದವು. ಟೀಚರ್ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ ದೇವರೇ, ಹಾಳಾಯ್ತು!"

"ಏನೂ ಆಗ್ಲಿಲ್ಲ ಟೀಚರ್. ಸ್ಪೀಕರಿನ ಒಳಗೆ ಅಯಸ್ಕಾಂತ ಉಂಟು. ಅದು ಬಣ್ಣವನ್ನು ಎಳೆಯುತ್ತದೆ." ನಾನು ಸ್ಪೀಕರುಗಳನ್ನು ದೂರ ಸರಿಸಿ ಮಾನಿಟರ್ ಆರಿಸಿ ಹಾಕಿ ತೋರಿಸಿದೆ. ಬಣ್ಣ ಮೊದಲಿನ ಹಾಗಾಯಿತು.

ಅಂತೂ ಅದಕ್ಕೆಂದೇ ಮಾಡಿದ ಒಂದು ಜೋಡಿ ಸಣ್ಣ ಸ್ಪೀಕರುಗಳನ್ನು ಮಂಗಳೂರಿನಿಂದ ತಂದೆ. ಅವುಗಳ ಅಯಸ್ಕಾಂತಕ್ಕೆ ಒಳಗೇ ತಗಡಿನ ಮುಚ್ಚಿಗೆ ಇರುತ್ತದೆ, ಪರದೆಯ ಪಕ್ಕ ಇಟ್ಟರೂ ತೊಂದರೆಯಿಲ್ಲ. ಸದ್ದು ಏರಿಸುವ ಬಲವೂ ಅವುಗಳಲ್ಲೇ ಇರುತ್ತದೆ. ಗೋಡೆಗೆ ಸಿಕ್ಕಿಸುವ ಒಂದು ಸಣ್ಣ ಅಡಾಪ್ಟರ್ ಸಾಕು. ಪಿನ್ನೂ ಕಾರ್ಡಿನ ತೂತಿಗೆ ಸರಿಯಾಗಿ ಕೂರುತ್ತದೆ. ಹಳೆಯ ಯಂತ್ರಕ್ಕೆ ಹೊಂದುವ ಸ್ಪೀಕರು ಎಂದರೆ ಇಷ್ಟೇ. ಪ್ರಾಣಿಗಳ ಸಿ.ಡಿ. ಹಾಕಿದೆ. ಆನೆ ಕೂಗಿತು. ಟೀಚರ್ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಮೈಕಿನಲ್ಲಿ ಅವರ ಹೆಸರು ಹೇಳಿಸಿದೆ. ಕಂಪ್ಯೂಟರ್ ಅವರ ಹೆಸರನ್ನು ಅವರದೇ ಧ್ವನಿಯಲ್ಲಿ ತಿರುಗಿ ಹೇಳಿತು.

"ನನ್ನ ಸ್ವರ ಇಷ್ಟು ಕೆಟ್ಟದ್ದಾ?" ಎಂದು ಅವರು ನಕ್ಕರು. ನಕ್ಕು, ಗಂಭೀರವಾಗಿ ಹೇಳಿದರು: "ಇದನ್ನು ಒಮ್ಮೆ ಅಪ್ಪ ಅಮ್ಮಂದಿರು ಕೇಳಿದ್ರೆ ಸಾಕು. ಮಕ್ಕಳು ಇಲ್ಲಿಂದ ಬಸ್ಸು ಹತ್ತುದಿಲ್ಲ."

ಮೇ ತಿಂಗಳ ಒಂದು ಭಾನುವಾರ, ಪೂಜೆ ಮುಗಿಸಿ ಜನ ಇಗರ್ಜಿಯಿಂದ ಬರುವ ಹೊತ್ತಿಗೆ ಉದ್ಘಾಟನೆ ಎಂದು ನಿಶ್ಚಯವಾಯಿತು. ಇಗರ್ಜಿಯ ಫಾದರ್ ಬಂದು ಆಶೀರ್ವಾದ ಮಾಡುವುದು, ಆಮೇಲೆ ಕಂಪ್ಯೂಟರ್ ಮಾತಾಡುವುದು, ಆಮೇಲೆ ಕೇಕು, ಶರಬತ್ತು. ಹೆದ್ದಾರಿಯಲ್ಲಿ ಹೋಗುವವರಿಗೂ ಕೇಳಬೇಕೆಂದು ಟೀಚರ್ ಊರಿನ ಮೈಕ್‌ಸೆಟ್ಟಿನವರನ್ನು ಕರೆಸಿದರು. ಮದುವೆ, ಯಕ್ಷಗಾನದ ಆಟ, ಭೂತದ ಕೋಲ, ಇಗರ್ಜಿಯ ಹಬ್ಬ ಎಲ್ಲಕ್ಕೂ ಅವರದೇ ಮೈಕ್‌ಸೆಟ್ಟು. ತುಳು ಮನೆಮಾತಿನ, ದೊಡ್ಡ ಬಾಯಿಯ, ದೊಡ್ಡ ಮನಸ್ಸಿನ ಮನುಷ್ಯ.

ನನ್ನ ಸಣ್ಣ ಸ್ಪೀಕರುಗಳನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಇದೆಂತ ಮಾಷ್ಟ್ರೆ, ಸಾಬೂನಿನ ಪೆಟ್ಟಿಗೆಯಾ? ಇದ್ರ ಸ್ವರ ಆ ಬಾಗಿಲು ದಾಟ್ಲಿಕ್ಕಿಲ್ಲ. ಟೀಚರೇ, ನಮ್ಮ ಕೊಂಬಿಗೆ ಕೊಡಿ. ಆನೆ ಕೂಗಿದ್ರೆ ತಲಪಾಡಿ ಗೇಟಲ್ಲಿ ಲಾರಿ ನಿಲ್ಬೇಕು!"

ಶನಿವಾರ ಸಂಜೆ ಅವರು ತಮ್ಮ ಹಳೆಯ ಆಂಪ್ಲಿಫಯರನ್ನು ಜಗಲಿಯ ಬೆಂಚಿನ ಮೇಲೆ ಇಟ್ಟು, ಕೊಂಬುಗಳನ್ನು, ಅಗಲ ಬಾಯಿಯ ಆ ಲೌಡ್‌ಸ್ಪೀಕರುಗಳನ್ನು, ಹಂಚಿನ ಮಾಡಿಗೆ ಕಟ್ಟಿದರು. ಆಂಪ್ಲಿಫಯರಿನಿಂದ ಒಂದು ವಯರು ಕಿಟಕಿಯ ಮೂಲಕ ಒಳಗೆ ಬಂದು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಸೇರಿತು. ಕರೆಂಟಿಗೆ ಅವರ ಹತ್ತಿರ ಪ್ಲಗ್ಗು ಇರಲಿಲ್ಲ. ಮೈಕ್‌ಸೆಟ್ಟಿನವರು ಪ್ಲಗ್ಗಿಗೆ ಕಾಯುವವರಲ್ಲ. ಸುಲಿದ ಎರಡು ವಯರಿನ ತುದಿಗಳನ್ನು ಸಾಕೆಟ್ಟಿನ ತೂತುಗಳಿಗೆ ಇಳಿಸಿ, ಜಾರದ ಹಾಗೆ ಒಂದೊಂದು ಬೆಂಕಿಕಡ್ಡಿ ಒತ್ತಿ ನಿಲ್ಲಿಸುತ್ತಾರೆ. ಎಷ್ಟೋ ಮದುವೆಗಳು ಹಾಗೇ ನಡೆದಿವೆ. ಅಂದು ಆನೆ ಕೂಗಿದಾಗ ಎದುರಿನ ಹೋಟೆಲಿನಿಂದ ಜನ ಚಹಾ ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದರು. ಎಲ್ಲರಿಗೂ ಖುಷಿ. ನಾವು ಚಾಪೆಯ ಮೇಲೆ ನಿಂತಿದ್ದೆವು. ಪೆಟ್ಟಿಗೆ ಎಂದಿನಂತೆ ಇತ್ತು.

ಉದ್ಘಾಟನೆಯ ಹೊತ್ತಿಗೆ ಮೂರು ಸಂಗತಿಗಳು ಬದಲಾಗಿದ್ದವು. ನಾನು ಈಗಲೂ ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿಯುವುದು ಇವನ್ನೇ. ಉದ್ಘಾಟನೆಗೆ ಚಂದ ಕಾಣಲೆಂದು ಟೀಚರ್ ಚಾಪೆಗಳನ್ನೆಲ್ಲ ಸುರುಳಿ ಸುತ್ತಿ ಹಿಂದಿನ ಕೋಣೆಗೆ ಹಾಕಿಸಿದ್ದರು. ನೆಲ ಆಗಷ್ಟೇ ಒರೆಸಿ ಒದ್ದೆಯಾಗಿತ್ತು. ಮೂರನೆಯದು ಯಾರಿಗೂ ಗೊತ್ತಿರಲಿಲ್ಲ: ರಾತ್ರಿ ಬಿಚ್ಚಿಟ್ಟಿದ್ದ ವಯರನ್ನು ಮೈಕ್‌ಸೆಟ್ಟಿನವರು ಬೆಳಿಗ್ಗೆ ಪುನಃ ಸಿಕ್ಕಿಸಿದಾಗ ಎರಡು ತುದಿಗಳು ಅದಲು ಬದಲಾಗಿದ್ದವು. ಅವರ ಆಂಪ್ಲಿಫಯರಿನ ಒಳಗೆ ಒಂದು ವಯರಿನ ರಬ್ಬರು ಸವೆದು ತಗಡಿಗೆ ತಾಗುತ್ತಿತ್ತು. ಶನಿವಾರ ಆ ವಯರು ಕರೆಂಟಿಲ್ಲದ ತೂತಿನಲ್ಲಿತ್ತು. ಭಾನುವಾರ ಕರೆಂಟಿರುವ ತೂತಿನಲ್ಲಿ. ಆಂಪ್ಲಿಫಯರಿನ ಮೈಗೆ ಬಂದ ಕರೆಂಟು ಸದ್ದಿನ ವಯರಿನ ಗುಂಟ ಕಿಟಕಿಯೊಳಗೆ ಬಂದು ಕಂಪ್ಯೂಟರಿನ ತಗಡಿನ ಪೆಟ್ಟಿಗೆಯಲ್ಲಿ ಕುಳಿತಿತ್ತು. ಒಣಗಿದ ಅರ್ತಿನ ಗುಂಡಿ ಅದನ್ನು ಇಳಿಸಿಕೊಳ್ಳಲಿಲ್ಲ. ಮೈಕ್‌ಸೆಟ್ಟಿನವರಿಗೆ ಏನೂ ತಿಳಿಯಲಿಲ್ಲ, ಯಾಕೆಂದರೆ ಅವರು ಜಗಲಿಯಲ್ಲಿದ್ದರು. ಅಲ್ಲಿ ಚಪ್ಪಲಿ ಬಿಡಬೇಕಾಗಿರಲಿಲ್ಲ, ಅವರ ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು.

ಕೋಣೆ ತುಂಬಿತ್ತು. ಬಾಗಿಲಿನ ಹೊರಗೆ ಚಪ್ಪಲಿಗಳ ರಾಶಿ. ಮಕ್ಕಳು ಮುಂದೆ, ಹೆತ್ತವರು ಹಿಂದೆ, ಎಲ್ಲರೂ ಬರಿಗಾಲು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬ ನರ್ಸು ತನ್ನ ಮಗಳ ಕೈ ಹಿಡಿದುಕೊಂಡು ಮೊದಲ ಸಾಲಿನಲ್ಲೇ ನಿಂತಿದ್ದರು. ಕಟ್ಟಡದ ಯಜಮಾನರು ಬಾಗಿಲಿಗೆ ಒರಗಿ ತಲೆ ಎಣಿಸುತ್ತಿದ್ದರು.

ಫಾದರ್ ಪವಿತ್ರ ನೀರಿನ ಪಾತ್ರೆ ಹಿಡಿದು ಒಳಗೆ ಬಂದಾಗ ನಾನು ಅವರ ಕಿವಿಯ ಹತ್ತಿರ ಹೇಳಿದೆ: "ಫಾದರ್, ಕಂಪ್ಯೂಟರಿನ ಮೇಲೆ ಮಾತ್ರ ನೀರು ಬೀಳಬಾರದು. ಕೆಟ್ಟುಹೋಗ್ತದೆ."

"ಗೊತ್ತುಂಟು ಮಾರಾಯ. ನಾನು ಬಸ್ಸು, ಬೋಟು, ಬೋರ್‌ವೆಲ್ಲು ಎಲ್ಲ ಆಶೀರ್ವಾದ ಮಾಡಿದವ. ನಿನ್ನ ಟಿ.ವಿ.ಗೆ ಶೀತ ಆಗದ ಹಾಗೆ ಮಾಡ್ತೇನೆ."

ಮಾತಿನಂತೆ ಅವರು ಯಂತ್ರವನ್ನು ಬಿಟ್ಟು ಗೋಡೆಗೆ, ಬಾಗಿಲಿಗೆ, ಮಕ್ಕಳಿಗೆ ಚಿಮುಕಿಸಿದರು. ಟೀಚರ್ ಎರಡೂ ಕೈ ಮುಂದೆ ಚಾಚಿ ನಿಂತಿದ್ದರು. ಅವರ ಕೈಗೆ ಧಾರಾಳವಾಗಿ ಬಿತ್ತು. ಪ್ರಾರ್ಥನೆ ಮುಗಿಯಿತು. ನಾನು ಕೀಲಿಮಣೆಯ ಎದುರು ಕುಳಿತು, ಮರದ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು, ಆನೆಯನ್ನು ಕೂಗಿಸಿದೆ. ಹೆದ್ದಾರಿಯಿಂದ ಯಾರೋ ಕೇಕೆ ಹಾಕಿದರು. ಮಕ್ಕಳು ಕುಣಿದರು.

ಟೀಚರಿಗೆ ಒಂದು ಅಭ್ಯಾಸವಿತ್ತು. ಇನ್‌ಸ್ಟಿಟ್ಯೂಟು ಶುರುಮಾಡಿದ ದಿನದಿಂದಲೂ ಬೆಳಿಗ್ಗೆ ಬಾಗಿಲು ತೆರೆದು ಬಂದು, ಮೊದಲ ಟೈಪ್‌ರೈಟರಿನ ಮೇಲೆ ಕೈ ಇಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಅಂದೂ ಅವರು ಮುಂದೆ ಬಂದರು. ಒದ್ದೆ ನೆಲ, ಬರಿಗಾಲು, ಒದ್ದೆ ಕೈ. ಪೆಟ್ಟಿಗೆಯ ಅಂಚಿನ ಮೇಲೆ ಬೆರಳು ಮಡಚಿ ಕೈ ಇಟ್ಟರು.

ಕೊಂಬಿನಲ್ಲಿ ಗುಂಯ್ ಎಂದು ಒಂದು ಸದ್ದು ಎದ್ದಿತು. ಟೀಚರ ಕತ್ತು ಒಂದು ಬದಿಗೆ ಸೆಳೆಯಿತು. ಭುಜ ನಡುಗತೊಡಗಿತು. ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ. ಮತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸದ್ದೂ ಆಟದ ಒಂದು ಭಾಗವೆಂದು, ಟೀಚರ್ ಏನೋ ಮಾಡಿ ತೋರಿಸುತ್ತಿದ್ದಾರೆಂದು ಅವರು ತಿಳಿದರು. ದೊಡ್ಡವರಲ್ಲಿ ಕೆಲವರೂ ತಟ್ಟಿದರು. ಚಪ್ಪಾಳೆಯ ನಡುವೆ ಟೀಚರ್ ನಡುಗುತ್ತಿದ್ದರು. ನನಗೆ ಇಂದಿಗೂ ಬಿಟ್ಟುಬಿಟ್ಟು ಕೇಳುವುದು ಇದೇ.

ಫಾದರಿಗೆ ಮೊದಲು ಅರ್ಥವಾಯಿತು. ಟೀಚರನ್ನು ಹಿಡಿಯಲು ಅವರು ಕೈ ಚಾಚಿದರು. ಹಿಡಿದಿದ್ದರೆ ಅವರೂ ಸಿಕ್ಕಿಬೀಳುತ್ತಿದ್ದರು. ನಾನು ಕುರ್ಚಿಯಿಂದ ಹಾರಿ ಭುಜ ಕೊಟ್ಟು ಫಾದರನ್ನು ದೂಡಿದೆ. ಅವರು ಹಿಂದಿನ ಬೆಂಚಿನ ಮೇಲೆ ಕುಳಿತುಬಿಟ್ಟರು, ನೀರಿನ ಪಾತ್ರೆ ಠಣ್ಣೆಂದು ಉರುಳಿತು. ಸ್ವಿಚ್ಚು? ಅಲಂಕಾರಕ್ಕೆ ಕಟ್ಟಿದ ಬಟ್ಟೆಯ ಹಿಂದೆ ಎಲ್ಲೋ ಇತ್ತು. ನಾನು ಕಿಟಕಿಯ ಕಡೆ ತಿರುಗಿ ಎದೆ ಹರಿಯುವ ಹಾಗೆ ಕೂಗಿದೆ: "ವಯರ್ ಎಳೀರಿ! ಕರೆಂಟಿನ ವಯರ್ ಎಳೀರಿ!"

ಮೈಕ್‌ಸೆಟ್ಟಿನವರು ಯಾಕೆ ಎಂದು ಕೇಳಲಿಲ್ಲ. ಎಳೆದರು. ಬೆಂಕಿಕಡ್ಡಿಗಳು ಹಾರಿದವು, ವಯರು ಹಾವಿನ ಹಾಗೆ ಜಗಲಿಯ ಮೇಲೆ ಬಿತ್ತು. ಟೀಚರ ಕೈ ಪೆಟ್ಟಿಗೆಯಿಂದ ಬಿಟ್ಟಿತು. ಅವರು ನೆಲಕ್ಕೆ ಕುಸಿದರು.

ಒಂದು ಯೋಚನೆ ನನ್ನನ್ನು ಆಗಾಗ ಹಿಡಿದು ನಿಲ್ಲಿಸುತ್ತದೆ. ಬೆಂಕಿಕಡ್ಡಿಯ ಬದಲು ಅಲ್ಲಿ ಸರಿಯಾದ ಪ್ಲಗ್ಗು ಇದ್ದಿದ್ದರೆ ವಯರುಗಳು ಅದಲು ಬದಲಾಗುತ್ತಲೇ ಇರಲಿಲ್ಲ, ಏನೂ ಆಗುತ್ತಿರಲಿಲ್ಲ. ಆದರೆ ಆದ ಮೇಲೆ ಒಂದೇ ಎಳೆತಕ್ಕೆ ಕಿತ್ತುಬಂದದ್ದೂ ಆ ಬೆಂಕಿಕಡ್ಡಿಯ ದೆಸೆಯಿಂದಲೇ. ಇದನ್ನು ಹೇಗೆ ತಿರುಗಿಸಿದರೂ ಒಂದು ತುದಿ ಚುಚ್ಚುತ್ತದೆ. ತಿರುಗಿಸುವುದನ್ನು ಮಾತ್ರ ನಿಲ್ಲಿಸಲಾಗಿಲ್ಲ.

ನರ್ಸು ಮಗಳ ಕೈ ಬಿಟ್ಟು ಓಡಿಬಂದು ಟೀಚರ ನಾಡಿ ಹಿಡಿದರು. ಕಣ್ಣು ಬಿಡಿಸಿ ನೋಡಿದರು. ಅಂಗೈಯಲ್ಲಿ ಒಂದು ಸುಟ್ಟ ಗೆರೆ ಇತ್ತು. ಸ್ವಲ್ಪ ಹೊತ್ತಿನಲ್ಲಿ ಟೀಚರ್ ಉಸಿರು ಎಳೆದುಕೊಂಡು ನನ್ನನ್ನು ಹುಡುಕಿದರು.

"ಕಂಪ್ಯೂಟರ್ ಹಾಳಾಯ್ತಾ?"

"ನೀವು ಮೊದಲು ಮಲಗಿ ಟೀಚರ್."

"ಹಾಳಾಯ್ತಾ ಅಂತ ಕೇಳಿದ್ದು."

"ಇಲ್ಲ. ಏನೂ ಆಗ್ಲಿಲ್ಲ."

"ಹೃದಯ ಸರಿಯಾಗಿ ಹೊಡೀತಾ ಉಂಟು. ಆದ್ರೂ ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸ್ಬೇಕು" ಎಂದರು ನರ್ಸು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ ಶುರುವಾಗಿತ್ತು. ಅಮ್ಮಂದಿರು ಮಕ್ಕಳನ್ನು ಎಳೆದುಕೊಂಡು ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಯಜಮಾನರು ತಲೆಯಾಡಿಸಿದರು. "ಬೇಕರಿಯಾದ್ರೆ ಬೆಂಕಿ ಕಣ್ಣಿಗೆ ಕಾಣ್ತದೆ ಟೀಚರೇ. ಇದು ಕಾಣದ ಬೆಂಕಿ. ನನಗೆ ಹೆದರಿಕೆ ಆಗ್ತದೆ."

ಟೀಚರ್ ಗೋಡೆ ಹಿಡಿದು ಎದ್ದು ನಿಂತರು. ಕೂದಲು ಕೆದರಿತ್ತು, ಸೀರೆಯ ಒಂದು ಬದಿ ಒದ್ದೆಯಾಗಿತ್ತು. ಆದರೆ ಸ್ವರ ಟೈಪಿಂಗ್ ಕ್ಲಾಸಿನದ್ದೇ.

"ಯಾರೂ ಹೋಗ್ಲಿಕ್ಕಿಲ್ಲ. ನನಗೆ ಹೊಡೆದದ್ದು ಯಾಕೆ ಅಂತ ಗೊತ್ತಾಗದೆ ಮನೆಗೆ ಹೋದ್ರೆ ನಿಮ್ಮ ಮಿಕ್ಸಿ ಮುಟ್ಲಿಕ್ಕೂ ನಿಮಗೆ ಹೆದರಿಕೆ ಆದೀತು. ನಿಲ್ಲಿ." ನನ್ನ ಕಡೆ ತಿರುಗಿದರು. "ಹೇಳು. ಎಂತ ಆದದ್ದು? ಎಲ್ಲರಿಗೂ ಕೇಳುವ ಹಾಗೆ ಹೇಳು. ಮೈಕ್ ಬೇಡ."

ಕೆಲಸ ಏನೆಂದು ನನಗೆ ಸ್ಪಷ್ಟವಿತ್ತು. ಮೈಕ್‌ಸೆಟ್ಟಿನವರು ತಂದುಕೊಟ್ಟ ಟೆಸ್ಟರಿನಿಂದ ಒಂದೊಂದನ್ನೇ ಮುಟ್ಟಿ ತೋರಿಸಿದೆ. ವಯರನ್ನು ಬೆಳಗ್ಗಿನ ಹಾಗೆಯೇ ಸಿಕ್ಕಿಸಿದಾಗ ಆಂಪ್ಲಿಫಯರಿನ ಮೈಯಲ್ಲಿ ಟೆಸ್ಟರ್ ಉರಿಯಿತು. ಅದನ್ನು ತೆಗೆದು ಹೊರಗಿಟ್ಟೆವು. ಆಮೇಲೆ ಒಂದು ಬಲ್ಬಿನ ಹೋಲ್ಡರಿಗೆ ಎರಡು ವಯರು ಕಟ್ಟಿ, ಒಂದನ್ನು ಕರೆಂಟಿಗೆ, ಒಂದನ್ನು ಅರ್ತಿಗೆ ಕೊಟ್ಟೆ. ಅರ್ತ್ ಸರಿ ಇದ್ದರೆ ಬಲ್ಬು ಬೆಳಗಬೇಕು. ಅದು ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೆ.

"ಇಷ್ಟೇಯಾ?" ಎಂದರು ಯಜಮಾನರು. ಅವರ ಕಟ್ಟಡ, ಅವರ ಗುಂಡಿ.

ಮೈಕ್‌ಸೆಟ್ಟಿನವರು ಬಾವಿಯ ಕಡೆ ನಡೆದರು. ಅವರ ಹಿಂದೆ ಅಪ್ಪಂದಿರು ಕೆಲವರು. ಕೊಡಪಾನ ಕೈಯಿಂದ ಕೈಗೆ ದಾಟಿತು. ಮುರಕಲ್ಲಿನ ಗುಂಡಿ ನೀರನ್ನು ಗುಟುಕು ಗುಟುಕಾಗಿ ಕುಡಿಯಿತು. ಕಿಟಕಿಯಿಂದ ಮಕ್ಕಳು ಬಲ್ಬನ್ನೇ ನೋಡುತ್ತಿದ್ದರು. ಮೊದಲು ಕೆಂಪು, ಆಮೇಲೆ ಅರಿಶಿನ, ಆಮೇಲೆ ಕೋಣೆಯ ಗೋಡೆ ಕಾಣುವಷ್ಟು ಬೆಳಕು. "ಬಂತು! ಬಂತು!" ಎಂದು ಕೂಗಿದರು. ಫಾದರ್ ಉರುಳಿದ ಪಾತ್ರೆಯಲ್ಲಿ ಉಳಿದಿದ್ದಷ್ಟು ನೀರನ್ನೂ ಆ ಗುಂಡಿಗೆ ಸುರಿದು ಬಂದರು. "ಇದೂ ಇರ್ಲಿ. ಅಂದ ಹಾಗೆ, ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ದೂಡ್ಲಿಲ್ಲ ಮಾರಾಯ. ನೀನು ಫುಟ್‌ಬಾಲಿಗೆ ಸೇರು" ಎಂದು ನನ್ನ ಬೆನ್ನು ತಟ್ಟಿದರು.

ಬಟ್ಟೆಯ ಹಿಂದಿನ ಸ್ವಿಚ್ಚನ್ನು ಹೊರಗೆ ಕಾಣುವ ಹಾಗೆ ಮಾಡಿ, ನೆಲವನ್ನು ಒಣಬಟ್ಟೆಯಿಂದ ಒರೆಸಿ, ನಾರಿನ ಚಾಪೆಗಳನ್ನು ಪುನಃ ಹಾಸಿದೆವು. ನಾನು ಸಣ್ಣ ಸ್ಪೀಕರುಗಳನ್ನು ತಂದು ಮಾನಿಟರಿನ ಎರಡು ಪಕ್ಕ ಇಟ್ಟೆ. ಅಡಾಪ್ಟರ್ ಗೋಡೆಗೆ, ಪಿನ್ನು ಕಾರ್ಡಿಗೆ. ಕಂಪ್ಯೂಟರ್ ಹಾಕಿದೆ. ಪೆಟ್ಟಿಗೆಗೆ ಟೆಸ್ಟರ್ ತಾಗಿಸಿದೆ. ಉರಿಯಲಿಲ್ಲ.

"ನಾನು ಮುಟ್ಟಿ ನೋಡ್ತೇನೆ" ಎಂದೆ.

"ಬೇಡ" ಎಂದರು ಟೀಚರ್. "ಕ್ಲಾಸು ನನ್ನದು."

"ಹಾಗಾದ್ರೆ ಚಪ್ಪಲಿ ಹಾಕಿ ಬನ್ನಿ. ಅಂಗೈಯಲ್ಲಿ ಮುಟ್ಟಬೇಡಿ. ಬೆರಳಿನ ಹಿಂಬದಿಯಲ್ಲಿ ಮುಟ್ಟಿ. ಹೊಡೆದರೆ ಕೈ ತಾನಾಗಿ ಹಿಂದೆ ಬರ್ತದೆ."

ಟೀಚರ್ ಬಾಗಿಲಿಗೆ ಹೋಗಿ, ರಾಶಿಯಲ್ಲಿ ತಮ್ಮ ಚಪ್ಪಲಿ ಹುಡುಕಿ ಹಾಕಿಕೊಂಡರು. ದಿನಕ್ಕೆರಡು ಸಲ ಒರೆಸಿ ಕನ್ನಡಿ ಮಾಡಿದ ಅವರದೇ ನೆಲದ ಮೇಲೆ, 'ಚಪ್ಪಲಿ ಹೊರಗೆ ಬಿಡಿ' ಎಂದು ಅವರೇ ಬರೆಸಿದ ಬೋರ್ಡಿನ ಪಕ್ಕದಿಂದ, ಟಪ್ ಟಪ್ ಎಂದು ನಡೆದು ಬಂದರು. ಕೈ ಮುಂದೆ ಚಾಚಿದರು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ. ಬೆರಳಿನ ಹಿಂಬದಿ ಪೆಟ್ಟಿಗೆಗೆ ತಾಗಿತು. ನಿಂತಿತು.

"ಇರುವೆ ಸಹ ಹರಿಯುದಿಲ್ಲ" ಎಂದರು ಟೀಚರ್. ಶಿಲುಬೆಯ ಗುರುತು ಮಾಡಿಕೊಂಡರು.

ಆಗ ಚಪ್ಪಾಳೆ ಬರಲಿಲ್ಲ. ಅದು ಬಾರದ್ದಕ್ಕೆ ನಾನು ಇಂದಿಗೂ ಕೃತಜ್ಞ. ನರ್ಸಿನ ಮಗಳು ಅಮ್ಮನ ಕೈ ಜಗ್ಗಿ, "ನನ್ನ ಹೆಸರು ಹೇಳ್ತದಾ ಅದು?" ಎಂದಳು. ಅಮ್ಮ ಒಂದು ಕ್ಷಣ ಟೀಚರ ಮುಖ ನೋಡಿದರು, ಆಮೇಲೆ ಮಗಳಿಗೆ ಚಪ್ಪಲಿ ಹಾಕಿಸಿ ಮುಂದೆ ಬಿಟ್ಟರು. ಹುಡುಗಿ ಮೈಕಿನಲ್ಲಿ ಹೆಸರು ಹೇಳಿದಳು. ಸಾಬೂನಿನ ಪೆಟ್ಟಿಗೆಗಳು ಅದನ್ನು ತಿರುಗಿ ಹೇಳಿದವು. ಬಾಗಿಲು ದಾಟುವಷ್ಟು ಸದ್ದು ಇರಲಿಲ್ಲ, ನಿಜ. ಕೇಳಬೇಕಾದವರು ಬಾಗಿಲಿನ ಒಳಗೇ ಇದ್ದರು.

ಆಸ್ಪತ್ರೆಯವರು ಟೀಚರನ್ನು ಒಂದು ರಾತ್ರಿ ಇರಿಸಿಕೊಂಡು ಕಳಿಸಿದರು. ಮರುದಿನ ಮೈಕ್‌ಸೆಟ್ಟಿನವರು ಬಂದು ನನ್ನೆದುರು ನಿಂತರು. "ಮಾಷ್ಟ್ರೆ, ಬೇಕಾದ್ರೆ ಎರಡು ಬಡೀರಿ. ಆದ್ರೆ ಮೊದಲು ಇದನ್ನು ನೋಡಿ." ಕೈಯಲ್ಲಿ ಹೊಚ್ಚ ಹೊಸ ಮೂರು ಪಿನ್ನಿನ ಪ್ಲಗ್ಗು. ಆಂಪ್ಲಿಫಯರಿನ ಸವೆದ ವಯರನ್ನು ಇಬ್ಬರೂ ಕುಳಿತು ಬದಲಿಸಿದೆವು.

ಊರಿನವರು ಬಿಟ್ಟಾರೆಯೇ? ನನಗೆ ಫಾದರನ್ನು ದೂಡಿದ ಮಾಷ್ಟ್ರು ಎಂದು ಹೆಸರು ಬಿತ್ತು. ಟೀಚರ ಬಾಗಿಲಲ್ಲಿ ಹೊಸ ಬೋರ್ಡು ಬಂತು: 'ಚಪ್ಪಲಿ ಹಾಕಿಕೊಂಡು ಒಳಗೆ ಬನ್ನಿ.' ಬಸ್ಸಿನಲ್ಲಿ ಹೋಗುವವರು ಅದನ್ನು ಓದಿ ನಗುತ್ತಿದ್ದರು. ಮಂಗಳೂರಿನ ಕಂಪ್ಯೂಟರ್ ಮಾರಾಟದವನು ಒಮ್ಮೆ ಬಂದು, "ಧೂಳು ಆಗ್ತದೆ ಟೀಚರೇ" ಎಂದು ತಲೆ ಚಚ್ಚಿಕೊಂಡ.

"ಧೂಳು ಒರೆಸ್ಲಿಕ್ಕೆ ಆಗ್ತದೆ" ಎಂದು ಅವರು ಅವನಿಗೆ ಕುಡಿಯಲು ನೀರು ಕೊಟ್ಟರು.

ಮಳೆ ಶುರುವಾಗುವುದರೊಳಗೆ ಬೆಂಚು ತುಂಬಿತು. ಮೊದಲ ಹೆಸರು ನರ್ಸಿನ ಮಗಳದ್ದು. ಯಾಕೆ ಇಲ್ಲಿಗೇ ಸೇರಿಸಿದಿರಿ ಎಂದು ಯಾರೋ ಕೇಳಿದ್ದಕ್ಕೆ ಆ ತಾಯಿ, "ಬೇರೆ ಕಡೆ ಹೊಡೀಲಿಕ್ಕಿಲ್ಲ ಅಂತ ಹೇಳ್ತಾರೆ. ಇಲ್ಲಿ ಮುಟ್ಟಿ ತೋರಿಸಿದ್ದಾರೆ" ಎಂದರಂತೆ. ಬೇಕರಿ ಬಂದದ್ದು ರಸ್ತೆಯ ಆಚೆ ಬದಿಗೆ. ಯಜಮಾನರು ಬಾಡಿಗೆಗೆ ಬಂದಾಗಲೆಲ್ಲ ಅರ್ತಿನ ಗುಂಡಿಗೆ ತಾವೇ ಒಂದು ಕೊಡ ನೀರು ಹೊಯ್ದು ಹೋಗುತ್ತಿದ್ದರು, ಜಡಿಮಳೆಯಲ್ಲೂ.

ನಾನು ಅಲ್ಲಿದ್ದಷ್ಟು ದಿನವೂ ಬೆಳಗ್ಗಿನ ಕ್ರಮ ಒಂದೇ. ಮಕ್ಕಳು ಜಗಲಿಯಲ್ಲಿ ಕಾಯುತ್ತಿದ್ದರು. ನಾನು ಸ್ವಿಚ್ಚಿನ ಹತ್ತಿರ ನಿಲ್ಲುತ್ತಿದ್ದೆ. ಟೀಚರ್ ಚಪ್ಪಲಿಯಲ್ಲಿ ಒಳಗೆ ಬಂದು, ಸುಟ್ಟ ಗೆರೆಯಿದ್ದ ಅದೇ ಕೈಯ ಬೆರಳಿನ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿ, ಕಣ್ಣು ಮುಚ್ಚಿ, ಶಿಲುಬೆಯ ಗುರುತು ಮಾಡಿ, ಬಾಗಿಲಿನ ಕಡೆ ತಿರುಗುತ್ತಿದ್ದರು.

"ಬನ್ನಿ. ಇವತ್ತು ಕಚ್ಚುದಿಲ್ಲ."